ಅಟ್ಟದ ಕೊಬ್ಬರಿಯೂ ತಜ್ಞರ ರೀಲ್ಸೂ

ನಮ್ಮ ಕೊಬ್ಬರಿಗೆ ‘ಸ್ಟೋರಿ’ ಇಲ್ಲ ಎಂದರು ತಜ್ಞರು. ಹಾಗೆನ್ನುವಾಗ ಹೊನ್ನವಳ್ಳಿಯ ನಮ್ಮ ಮನೆಯ ಏಣಿಯ ಮೇಲೆ ನಿಂತಿದ್ದರು. ತಲೆ ಅಟ್ಟದೊಳಗಿತ್ತು, ಕಾಲು ನಡುಮನೆಯಲ್ಲಿತ್ತು, ಬಿಚ್ಚದ ಬೂಟು ನನ್ನ ಮೂಗಿನ ನೇರಕ್ಕಿತ್ತು. ಅಟ್ಟದ ತುಂಬ ಒಂದು ವರ್ಷದಿಂದ ಒಣಗಿದ ಕಾಯಿ. ಅದನ್ನು ನೋಡಿದ ಮೇಲೆ ಅವರ ಬಾಯಿಂದ ಬಂದದ್ದು, “ಫುಲ್ ಡಾರ್ಕ್ ಇದೆ ಮೇಡಂ. ನಾಲ್ಕು ಹೆಂಚು ತೆಗೆಸ್ಬಿಟ್ರೆ ಒಳ್ಳೆ ಲೈಟಿಂಗ್ ಸಿಗುತ್ತೆ.”

ಹೆಂಚು ತೆಗೆದರೆ ಬೆಳಕಿನ ಜೊತೆ ಮಳೆಯೂ ಬರುತ್ತದೆ ಎಂದು ನಾನು ತಿಳಿಸಿ ಹೇಳಬೇಕಾಯಿತು.

ಅವರನ್ನು ತಜ್ಞರು ಎಂದೇ ಕರೆಯುತ್ತೇನೆ. ವಿಸಿಟಿಂಗ್ ಕಾರ್ಡಿನಲ್ಲಿ ಅವರೇ ಹಾಗೆ ಅಚ್ಚು ಹಾಕಿಸಿಕೊಂಡಿದ್ದರು, ಡಿಜಿಟಲ್ ಮಾರ್ಕೆಟಿಂಗ್ ತಜ್ಞರು ಎಂದು. ತಿಪಟೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿಯ ಮೇಲೆ ಒಂದು ರೂಮು, ಒಂದು ತಿರುಗುವ ಕುರ್ಚಿ, ಗೋಡೆಯ ಮೇಲೆ ಸಿಂಹದ ಚಿತ್ರ. ಆ ಸಿಂಹ ನೋಡಿದ ಕೂಡಲೇ ನಾನು ಮೆಟ್ಟಿಲಿಳಿದು ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನನಗೆ ಗರಜಿತ್ತು.

ಗರಜು ಏನೆಂದರೆ, ನನ್ನ ಗಂಡನಿಗೆ ಕೊಬ್ಬರಿಯ ಕೆಲಸವೇ ಸಾಕಾಗಿತ್ತು. ನಮ್ಮ ಸೀಮೆಯಲ್ಲಿ ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷವಿಡೀ ಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಕುಲುಕುಲು ಎಂದರೆ ಇನ್ನೂ ನೀರಿದೆ, ಮತ್ತೆ ಅಟ್ಟಕ್ಕೆ. ಆಮೇಲೆ ಮಟ್ಟೆ ಸುಲಿಯಬೇಕು, ಉಂಡೆ ಸೀಳದಂತೆ ಚಿಪ್ಪು ಒಡೆಯಬೇಕು, ಆರಿಸಬೇಕು, ಮಂಡಿಗೆ ಹಾಕಬೇಕು, ಮಂಡಿಯವನ ಮುಖ ನೋಡಬೇಕು. ಎಳನೀರಿಗೆ ಇದ್ಯಾವುದೂ ಇಲ್ಲ. ಮಾಯಸಂದ್ರದ ಕಡೆಯಿಂದ ಒಬ್ಬ ಎಳನೀರು ವ್ಯಾಪಾರಿ ಲಾರಿ ತರುತ್ತಾನೆ, ಅವನ ಆಳುಗಳೇ ಮರ ಹತ್ತುತ್ತಾರೆ, ಕಿತ್ತುಕೊಂಡು ಹೋಗುತ್ತಾರೆ.

“ಮುಂದಿನ್ ಕುಯ್ಲಿಂದ ಎಲ್ಲ ಎಳನೀರ್ಗೇ ಕೊಟ್ಬುಡ್ತೀನಿ ಕಣೇ. ಈ ಅಟ್ಟದ ಸಾವಾಸ ಸಾಕು” ಎಂದಿದ್ದರು ಗಂಡ.

ಅಟ್ಟ ಹೋದರೆ ನನ್ನ ಅಂಗಡಿಯೂ ಹೋದಂತೆ. ಮನೆಯ ಮುಂದಿನ ಕೋಣೆಯಲ್ಲಿ ನಾನು ಉಂಡೆ ಕೊಬ್ಬರಿ, ಗಾಣದ ಎಣ್ಣೆ, ಕೊಬ್ಬರಿ ಮಿಠಾಯಿ ಇಟ್ಟುಕೊಂಡು ಕೂತವಳು. ನನ್ನದು ಅನ್ನುವುದು ಆ ಮನೆಯಲ್ಲಿ ಅದೊಂದೇ ಇತ್ತು. ಅದಕ್ಕೇ ಹಟ ಹಿಡಿದೆ. ಈ ವರ್ಷದ ಅಟ್ಟ ಮಂಡಿಗೆ ಹಾಕುವುದು ಬೇಡ, ಅಷ್ಟನ್ನೂ ನಾನೇ ನೇರ ಮಾರುತ್ತೇನೆ, ದೀಪಾವಳಿಯೊಳಗೆ ಅಟ್ಟ ಖಾಲಿಯಾಗದಿದ್ದರೆ ಲಾರಿಯವನನ್ನು ಕರೆಸಿಕೊಳ್ಳಿ ಎಂದೆ. ಆಗಲಿ ಎಂದರು. ಅವರ ದನಿಯಲ್ಲಿ ನಂಬಿಕೆ ಇರಲಿಲ್ಲ, ಕನಿಕರ ಇತ್ತು. ನನಗೆ ರೇಗಿದ್ದು ಆ ಕನಿಕರಕ್ಕೆ.

ತಜ್ಞರ ಕೆಲಸ ಬ್ಲಾಗಿನಿಂದ ಶುರುವಾಯಿತು. ತೆರೆದು ನೋಡಿದರೆ ಮೊದಲ ಪುಟದಲ್ಲಿ ಸಮುದ್ರ. ಸಮುದ್ರದ ಮೇಲೆ ಬಾಗಿದ ತೆಂಗಿನಮರ, ಅದರ ಕೆಳಗೊಂದು ದೋಣಿ.

“ಇದೆಲ್ಲೀದು?” ಎಂದೆ.

“ಕೋಕೋನಟ್ ಫೀಲ್ ಬರ್ಬೇಕಲ್ವಾ ಮೇಡಂ.”

ಹೊನ್ನವಳ್ಳಿಯಲ್ಲಿ ನೀರು ನೋಡಬೇಕೆಂದರೆ ಬೋರ್‌ವೆಲ್ಲಿನ ಸ್ವಿಚ್ಚು ಒತ್ತಬೇಕು, ಅದಕ್ಕೂ ಕರೆಂಟು ಬರುವ ತನಕ ಕಾಯಬೇಕು. ಇವರು ದೋಣಿ ಬಿಟ್ಟಿದ್ದರು. ದೋಣಿಯ ಕೆಳಗೆ ‘ಪ್ರಕೃತಿ ಮಾತೆಯ ಮಡಿಲಿನಿಂದ ನಿಮ್ಮ ಮನೆಯಂಗಳಕ್ಕೆ, ಸೂರ್ಯನ ಹೊಂಗಿರಣದಲ್ಲಿ ಒಣಗಿದ ಪರಿಶುದ್ಧ ಕೊಬ್ಬರಿ’ ಎಂದು ಬರೆದಿತ್ತು. ನಮ್ಮ ಕೊಬ್ಬರಿ ಒಣಗುವಾಗ ಸೂರ್ಯನ ಮುಖವನ್ನೇ ನೋಡುವುದಿಲ್ಲ. ಚಿಪ್ಪಿನೊಳಗೆ, ಅಟ್ಟದ ಕತ್ತಲಲ್ಲಿ, ತನ್ನ ಪಾಡಿಗೆ ತಾನು ಒಣಗುವುದೇ ಅದರ ಹೆಚ್ಚುಗಾರಿಕೆ. ಅದನ್ನು ಹೇಳಿದರೆ, “ಡಾರ್ಕ್ ಅಂದ್ರೆ ನೆಗೆಟಿವ್ ಆಗುತ್ತೆ ಮೇಡಂ, ಪಬ್ಲಿಕ್‌ಗೆ ಸನ್‌ಡ್ರೈ ಇಷ್ಟ” ಎಂದರು. ಇದನ್ನೆಲ್ಲ ಯಾರು ಬರೆದದ್ದು ಎಂದು ಕೇಳಿದೆ. ಕಂಪ್ಯೂಟರೇ ಬರೆದುಕೊಟ್ಟಿತಂತೆ. ಹಾಗೆ ಹೇಳುವಾಗ ಮುಖದಲ್ಲಿ ಎಂಥ ಹೆಮ್ಮೆ.

ನಾನೇ ಬರೆಯಲಾ ಎಂದೆ. “ಬ್ಲಾಗ್ ಯಾರೂ ಓದಲ್ಲ ಮೇಡಂ, ಸುಮ್ನೆ ಇರ್ಬೇಕು ಅಷ್ಟೆ. ಈಗೆಲ್ಲ ರೀಲ್ಸ್.”

ರೀಲ್ಸ್ ಶುರುವಾಯಿತು. ಮೊದಲ ದಿನ ನನ್ನ ಗಂಡನಿಗೆ ಬಿಳಿ ಪಂಚೆ, ರುಮಾಲು ಕೊಟ್ಟು ಹೆಗಲ ಮೇಲೆ ನೇಗಿಲು ಹೊರಲು ಹೇಳಿದರು. “ತೆಂಗಿನ್ ತೋಟದಾಗೆ ನೇಗಿಲ್ ಹೊತ್ಕೊಂಡ್ ಓಡಾಡೋಕೆ ನಂಗೇನ್ ತಲೆ ಕೆಟ್ಟೈತಾ?” ಎಂದು ಅವರು ಗಾಡಿ ಹತ್ತಿ ತಿಪಟೂರಿಗೆ ಹೋದರು. ನಾನು ಸಿಕ್ಕಿಬಿದ್ದೆ. ಮದುವೆಯಲ್ಲಿ ಉಟ್ಟ ಹಸಿರು ಸೀರೆ ಉಡಿಸಿ, ಹಿತ್ತಾಳೆಯ ಪರಾತದಲ್ಲಿ ಕೊಬ್ಬರಿ ಇಟ್ಟು, ಒಂದೊಂದನ್ನೇ ಎತ್ತಿ ಕೆನ್ನೆಗೆ ಒತ್ತಿಕೊಳ್ಳಿ ಎಂದರು. ಕೊಬ್ಬರಿಯನ್ನು ಯಾರಾದರೂ ಕೆನ್ನೆಗೆ ಒತ್ತಿಕೊಳ್ಳುತ್ತಾರೆಯೇ? ಒತ್ತಿಕೊಂಡೆ. ಹೊಳಪು ಬರಲೆಂದು ಕೊಬ್ಬರಿಗೆ ಎಣ್ಣೆ ಸವರಿದ್ದರು, ಕೆನ್ನೆಯೆಲ್ಲ ಜಿಡ್ಡಾಯಿತು. ಹಿಂದೆ ಯಾವುದೋ ಪಂಜಾಬಿ ಹಾಡು ಹಾಕಿದರು. ಅದು ಟ್ರೆಂಡಿಂಗಂತೆ.

ಆ ರೀಲು ಓಡಿತು. ಕಂದಿಕೆರೆಯಿಂದ ನನ್ನ ಓರಗಿತ್ತಿ ಫೋನು ಮಾಡಿ, “ಏನಕ್ಕಾ, ಹೀರೋಯಿನ್ ಆಗ್ಬುಟ್ಟೆ” ಎಂದಳು. ಕಾಮೆಂಟುಗಳು ಸಾಲುಗಟ್ಟಿ ಬಂದವು. ನಾನು ಒಂದೂ ಬಿಡದೆ ಓದಿದೆ. ‘ಸೂಪರ್ ಅಕ್ಕ.’ ‘ವಾವ್.’ ‘ಸೀರೆ ಎಲ್ಲಿ ತಗೊಂಡ್ರಿ?’ ‘ಬ್ಲೌಸ್ ಡಿಸೈನ್ ಕಳ್ಸಿ.’ ‘ಪರಾತ ಸೇಲ್‌ಗಿದ್ಯಾ?’ ಒಬ್ಬ ಮಹಾನುಭಾವ ಕೊಬ್ಬರಿ ತಿಂದರೆ ಏನೇನು ರೋಗ ಬರುತ್ತದೆ ಎಂದು ಉದ್ದಕ್ಕೆ ಬರೆದಿದ್ದ. ಕೊಬ್ಬರಿಯ ರೇಟು ಕೇಳಿದವರಿಗೆಲ್ಲ ರೇಟು ಕಳಿಸಿದೆ. ನೋಡಿದ ಗುರುತಿಗೆ ನೀಲಿ ಗೆರೆ ಬಿತ್ತು, ಉತ್ತರ ಬರಲಿಲ್ಲ. ಕೂತಲ್ಲೇ ಬೆರಳಾಡಿಸುತ್ತ ರೇಟು ಕೇಳುವುದೇ ಒಂದು ಕಸುಬಾಗಿರುವ ಜನ ಈ ರಾಜ್ಯದಲ್ಲಿ ಇಷ್ಟಿದ್ದಾರೆಂದು ನನಗೆ ಗೊತ್ತಿರಲಿಲ್ಲ.

ಮೂವರನ್ನು ಟ್ಯಾಗ್ ಮಾಡಿ, ಮಿಠಾಯಿ ಗೆಲ್ಲಿ ಎಂಬ ಸ್ಪರ್ಧೆಯೂ ನಡೆಯಿತು. ಗೆದ್ದವರಿಗೆಲ್ಲ ನಾನು ಡಬ್ಬಿ ಕಟ್ಟಿ ಕಳಿಸಿದೆ. ತಿಂದವರು ತಿಂದೆ ಎಂದೂ ಹೇಳಲಿಲ್ಲ. ಇಷ್ಟಾದರೂ ತಜ್ಞರ ಫೋನಿನಲ್ಲಿ ಗ್ರಾಫು ಮೇಲಕ್ಕೇ ಹೋಗುತ್ತಿತ್ತು. “ನೋಡಿ ಮೇಡಂ, ರೀಚ್.” ಅಟ್ಟದ ಕಾಯಿ ಒಂದು ಮೂಲೆಯಲ್ಲೂ ಇಳಿದಿರಲಿಲ್ಲ.

ಆಗ ಅವರಿಗೆ ದೊಡ್ಡ ಐಡಿಯಾ ಬಂತು. ಜನರಿಗೆ ನಮ್ಮ ಮೇಲೆ ನಂಬಿಕೆ ಬರದಿರುವುದಕ್ಕೆ ಕಾರಣ ನಮ್ಮ ಹತ್ತಿರ ಸ್ಟಾಕು ಕಾಣದಿರುವುದಂತೆ. ಅಟ್ಟದಲ್ಲಿರುವುದೆಲ್ಲ ಮಟ್ಟೆಯೊಳಗಿದೆ, ಕ್ಯಾಮೆರಾಗೆ ಮಟ್ಟೆ ಚೆನ್ನಾಗಿ ಕಾಣುವುದಿಲ್ಲ. ಎಲ್ಲವನ್ನೂ ಒಡೆಸಿ ಅಂಗಳದಲ್ಲಿ ಕೊಬ್ಬರಿಯ ಬೆಟ್ಟ ಮಾಡಿ ಡ್ರೋನಿನಲ್ಲಿ ಮೇಲಿನಿಂದ ತೆಗೆಯಬೇಕು. ಒಂದು ರೀಲಿಗೆ ಅಟ್ಟ ಖಾಲಿ.

ನಮ್ಮ ಕಡೆ ಯಾರೂ ಮಾರುವ ಮುಂಚೆ ಒಡೆಯುವುದಿಲ್ಲ. ಚಿಪ್ಪಿನೊಳಗಿರುವ ತನಕ ಕೊಬ್ಬರಿಗೆ ಯಾವ ಭಯವೂ ಇಲ್ಲ. ಒಡೆದ ಮೇಲೆ ಅದಕ್ಕೆ ಗಾಳಿ ತಾಗುತ್ತದೆ, ಥಂಡಿ ತಾಗುತ್ತದೆ, ಬೇಗ ಕೈ ದಾಟಿಸಬೇಕು. ಇದು ಇಲ್ಲಿ ಅಂಗನವಾಡಿಗೆ ಹೋಗುವ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು.

“ಅಲ್ಲ ಕಣೇ, ಗಿರಾಕಿ ಬರೋಕ್ ಮುಂಚೆ ಯಾವನಾದ್ರೂ ಒಡೀತಾನಾ? ಅದೂ ಮಳೆಗಾಲ ಎದುರ್ಗಿಟ್ಕಂಡು” ಎಂದರು ಗಂಡ.

“ನಿಮಗೆ ಇದೆಲ್ಲ ತಿಳಿಯಲ್ಲ ಬಿಡ್ರೀ” ಎಂದೆ. ಗ್ರಾಫು ನೋಡಿ ನೋಡಿ ನನ್ನ ತಲೆಯೂ ಮೇಲಕ್ಕೆ ಹೋಗಿತ್ತು.

ಕೊನೆಗೆ ಅರ್ಧ ಅಟ್ಟ ಇಳಿಸುವುದೆಂದಾಯಿತು. ಸುಲಿಯುವವರು ಬಂದರು, ಒಡೆಯುವ ಹೆಂಗಸರು ಬಂದರು. ವಾರವಿಡೀ ಅಂಗಳದಲ್ಲಿ ಟಕಟಕ ಸದ್ದು. ತಜ್ಞರು ಕಪ್ಪು ಕನ್ನಡಕ ಹಾಕಿಕೊಂಡು ಬೆಟ್ಟದ ಸುತ್ತ ತಿರುಗಿದರು. ಡ್ರೋನು ಹಾರಿತು, ಹೆಂಚಿನ ಮೇಲಿದ್ದ ಬೆಕ್ಕು ಇಳಿದು ಓಡಿತು. ರೀಲನ್ನು ಲಕ್ಷಗಟ್ಟಲೆ ಜನ ನೋಡಿದರು. ಕಾಮೆಂಟಿನಲ್ಲಿ ಬೆಂಕಿಯ ಚಿತ್ರ, ಚಪ್ಪಾಳೆಯ ಚಿತ್ರ, ಕಣ್ಣಲ್ಲಿ ಹೃದಯ ಮೂಡಿದ ಹಳದಿ ಮುಖಗಳು. ಕೊಂಡವರು ಬೆರಳೆಣಿಕೆಯಷ್ಟು, ಅವರೂ ನೆಂಟರು.

ಆಷಾಢ ಬಂತು. ನಮ್ಮಲ್ಲಿ ಸುರಿಯುವ ಮಳೆ ಕಡಿಮೆ, ಆದರೆ ಮೋಡ ಕವಿದು ಶೀತಗಾಳಿ ಬೀಸುತ್ತಿರುತ್ತದೆ. ಕೊಬ್ಬರಿಯನ್ನು ಒಳಗೆ ಸಾಗಿಸಿ, ಗೋಣಿ ಹಾಸಿ, ಫ್ಯಾನು ಹಾಕಿಟ್ಟೆ. ಒಂದು ಬೆಳಿಗ್ಗೆ ಕೋಣೆಯ ಬಾಗಿಲು ತೆಗೆದರೆ ಕಮಟು ವಾಸನೆ ಮುಖಕ್ಕೆ ಹೊಡೆಯಿತು. ಕೆಳಗಿನ ಉಂಡೆಗಳಿಗೆ ಹಸಿರು ಬೂಷ್ಟು ಹಿಡಿದಿತ್ತು. ಅದರಲ್ಲೂ ರೀಲಿಗೆಂದು ಎಣ್ಣೆ ಸವರಿದ್ದವು ಮೊದಲು ಕೆಟ್ಟಿದ್ದವು. ಅಲ್ಲೇ ಗೋಣಿಯ ಮೇಲೆ ಕೂತು ಅತ್ತೆ. ದುಃಖಕ್ಕಿಂತ ಹೆಚ್ಚಾಗಿ ಅಸಹ್ಯಕ್ಕೆ. ಒಂದು ವರ್ಷ ಕತ್ತಲಲ್ಲಿ ಕೆಡದೆ ಕೂತದ್ದನ್ನು ನಾನು ಹಳದಿ ಮುಖಗಳಿಗೆ ತೋರಿಸಲು ಹೊರಗೆಳೆದಿದ್ದೆ.

ತಜ್ಞರನ್ನು ಕರೆಸಿದೆ. ಬಂದರು, ಮೂಗು ಮುಚ್ಚಿಕೊಂಡು ನೋಡಿದರು.

“ಏನ್ ಪ್ರಾಬ್ಲಂ ಇಲ್ಲ ಮೇಡಂ. ಬಟ್ಟೇಲಿ ಒರೆಸ್ಬಿಟ್ಟು, ಗಂಧಕದ ಹೊಗೆ ಕೊಟ್ರೆ ಬೆಳ್ಳಗೆ ಆಗುತ್ತಂತೆ. ನೆಟ್ಟಲ್ಲಿ ನೋಡ್ದೆ. ಆಫರ್ ಹಾಕಿ ಕ್ಲಿಯರ್ ಮಾಡ್ಬಿಡೋಣ. ಪ್ಯಾಕಿಂಗ್ ಚೆನ್ನಾಗಿದ್ರೆ ಯಾರಿಗೂ ಗೊತ್ತಾಗಲ್ಲ.”

“ನಿಮ್ ಮನೇಲಿ ಮಗು ಐತೇನ್ರೀ?” ಎಂದು ಕೇಳಿದೆ.

“ಇದೆ ಮೇಡಂ. ಮಗಳು, ಎರಡು ವರ್ಷ.”

“ಮೊದ್ಲು ಆ ಮಗೀಗೆ ತಿನ್ಸಿ. ರೀಲ್ಸ್ ನಾನೇ ತೆಗೀತೀನಿ.”

ಅವರು ನಕ್ಕರು. ನಾನು ನಗಲಿಲ್ಲ. ಬ್ಲಾಗಿನದೂ ಪೇಜಿನದೂ ಪಾಸ್‌ವರ್ಡು ಬರೆಸಿಕೊಂಡು, ಬೂಟು ಹಾಕಿಕೊಳ್ಳುವ ತನಕ ಬಾಗಿಲಲ್ಲೇ ನಿಂತು ಅವರನ್ನು ಕಳಿಸಿದೆ.

ಕೆಡದೆ ಉಳಿದಿದ್ದ ಉಂಡೆಗಳನ್ನು ಆರಿಸಿ ಅಂದೇ ಗಾಣಕ್ಕೆ ಹಾಕಿ ಎಣ್ಣೆ ಮಾಡಿಸಿದೆ. ಬೂಷ್ಟು ಬಂದದ್ದು ಸೋಪು ಮಾಡುವವರ ಪಾಲಾಯಿತು. ಇನ್ನು ಅಟ್ಟದಲ್ಲಿದ್ದದ್ದು ಉಳಿದರ್ಧ. ಗಂಡ ಬೈಯಲಿಲ್ಲ. “ಮಿಕ್ಕಿದ್ದಾದ್ರೂ ಮಂಡಿಗೆ ಹಾಕ್ಬುಡಾಣ, ಏನಂತೀಯ?” ಎಂದರು. ಮಂಡಿಗೆ ಹಾಕಿದರೆ ಸೋತೆ ಎಂದು ಸಹಿ ಹಾಕಿದ ಹಾಗೆ, ಮುಂದಿನ ಕುಯ್ಲಿಗೆ ಲಾರಿ ಬರುತ್ತದೆ. ದೀಪಾವಳಿಯ ತನಕ ಮಾತಾಗಿದೆ, ಅಲ್ಲಿಯ ತನಕ ಮುಟ್ಟಬೇಡಿ ಎಂದೆ.

ಅಂದು ಮಧ್ಯಾಹ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಬ್ಲಾಗು ತೆರೆದೆ. ಮೊದಲು ಸಮುದ್ರ ತೆಗೆದುಹಾಕಿದೆ, ಆಮೇಲೆ ದೋಣಿ. ಸಮುದ್ರವಿದ್ದ ಜಾಗಕ್ಕೆ ಬೂಷ್ಟು ಹಿಡಿದ ರಾಶಿಯ ಫೋಟೋ ಹಾಕಿದೆ. ಫೋನಿನಲ್ಲಿ ಕನ್ನಡ ಒತ್ತುವುದು ನನಗೆ ನಿಧಾನ. ಒಂದು ಒತ್ತಕ್ಷರ ಸರಿ ಮಾಡುವಷ್ಟರಲ್ಲಿ ಇನ್ನೊಂದು ಕೆಡುತ್ತದೆ. ಹಾಗಾಗಿ ಸುತ್ತಿ ಬಳಸಿ ಹೇಳಲು ತಾಳ್ಮೆ ಇರಲಿಲ್ಲ.

‘ಇದು ನೀವು ಬೆಂಕಿಯ ಚಿತ್ರ ಹಾಕಿ ಮೆಚ್ಚಿದ ಕೊಬ್ಬರಿಯ ಬೆಟ್ಟ. ನಿಮಗೆ ತೋರಿಸಲೆಂದು ಒಡೆಸಿದೆ, ನೀವು ನೋಡಿದಿರಿ, ಅದು ಕೆಟ್ಟಿತು. ಕೆಟ್ಟದ್ದನ್ನು ತಿನ್ನುವುದಕ್ಕೆ ಮಾರುವುದಿಲ್ಲ. ಇದು ಬಿಸಿಲಲ್ಲಿ ಒಣಗಿದ್ದು ಎಂದು ಇಲ್ಲಿ ಬರೆದಿತ್ತು, ಅದು ಸುಳ್ಳು. ನಮ್ಮ ಕೊಬ್ಬರಿ ಒಣಗುವುದು ಕತ್ತಲಲ್ಲಿ. ಉಳಿದ ಕಾಯಿ ಅಟ್ಟದ ಮೇಲಿದೆ. ಬೇಕಾದವರು ಹೇಳಿ, ಹೇಳಿದ ದಿನ ಒಡೆಯುತ್ತೇನೆ. ಸುಮ್ಮನೆ ರೇಟು ಕೇಳುವವರು ದಯವಿಟ್ಟು ಕೇಳಬೇಡಿ. ಸೀರೆ ಮಾರಾಟಕ್ಕಿಲ್ಲ.’

ಇಷ್ಟರ ಜೊತೆಗೆ ಕಾಯಿ ಹಾಕುವುದು, ಅಲ್ಲಾಡಿಸಿ ನೋಡುವುದು, ಸುಲಿಯುವುದು, ಉಂಡೆ ಯಾಕೆ ಸೀಳುತ್ತದೆ ಎನ್ನುವುದು, ಎಲ್ಲವನ್ನೂ ಬರೆದೆ. ಪೇಜಿನಲ್ಲಿ ಅದರ ಕೊಂಡಿ ಹಾಕಿದೆ. ಗಂಡ ಕನ್ನಡಕ ಏರಿಸಿ ಓದಿದರು. “ಇಷ್ಟುದ್ದ ಯಾವನ್ ಓದ್ತಾನೆ” ಎಂದರು, ಆದರೆ ಕೊನೆಯ ತನಕ ಓದಿದರು.

ತಜ್ಞರು ತಕ್ಷಣ ಫೋನು ಮಾಡಿದರು. “ಬ್ರಾಂಡ್ ಹಾಳಾಗೋಯ್ತು ಮೇಡಂ, ಡಿಲೀಟ್ ಮಾಡಿ.” ಹಳದಿ ಮುಖದವರು ಗುಂಪುಗುಂಪಾಗಿ ಪೇಜು ಬಿಟ್ಟು ಹೋದರು. ಹೋದವರ ಪೈಕಿ ಒಬ್ಬರೂ ಒಂದು ಉಂಡೆ ಕೊಂಡವರಲ್ಲ. ಹೋಗಲಿ, ಜಾಗ ಖಾಲಿಯಾಯಿತು ಎಂದುಕೊಂಡೆ. ಆದರೂ ಮೂರ್ನಾಲ್ಕು ದಿನ ಫೋನು ಸದ್ದು ಮಾಡದಿದ್ದಾಗ ಅದನ್ನು ಮತ್ತೆ ಮತ್ತೆ ಎತ್ತಿ ನೋಡುತ್ತಿದ್ದೆ.

ಆಮೇಲೆ ಹುಬ್ಬಳ್ಳಿಯಿಂದ ಒಬ್ಬ ಹೆಂಗಸಿನ ಫೋನು ಬಂತು. ಬಾಣಂತಿಯರಿಗೆ ಕೊಬ್ಬರಿ ಹಾಕಿ ಅಂಟಿನುಂಡಿ ಮಾಡಿಕೊಡುವವರು.

“ನೀವು ಬರ್ದಿದ್ದು ಎಲ್ಲಾ ಓದೇನ್ರಿ. ನನಗ ಕಮಟು ಕೊಬ್ಬರಿ ಬಂದ್ರ ಇಡೀ ಬುಟ್ಟಿ ಉಂಡಿ ಕೆಡತಾವ್ರಿ. ನಿಮ್ಮ ಕಾಯಿ ಖರೇನ ಒಣಗ್ಯಾವೋ ಇಲ್ಲೋ, ನನಗ ಹೆಂಗ ಗೊತ್ತಾಗಬೇಕ್ರಿ?”

ಫೋಟೋ ಕಳಿಸಲಾ ಎಂದೆ.

“ಫೋಟೋ ಸುಡ್ರಿ. ಅಲ್ಲಾಡಿಸಿ ಕೇಳಸ್ರಿ.”

ನಾನು ಏಣಿ ಹತ್ತಿ, ಒಂದು ಕಾಯಿ ತೆಗೆದು ಫೋನಿನ ಹತ್ತಿರ ಹಿಡಿದು ಅಲ್ಲಾಡಿಸಿದೆ. ಗಡಗಡ ಎಂದಿತು. “ಇನ್ನೊಂದ್ರಿ” ಎಂದರು. ಇನ್ನೊಂದು. ಆ ಕಡೆಯಿಂದ ಒಂದು ಮೂಟೆಗೆ ಆರ್ಡರು ಬಂತು. ನೆಂಟರನ್ನು ಬಿಟ್ಟರೆ, ಇಷ್ಟು ತಿಂಗಳಲ್ಲಿ ನನಗೆ ಸಿಕ್ಕ ಮೊದಲ ಗಿರಾಕಿ ಅವರು. ಸಿಕ್ಕಿದ್ದು ಯಾರೂ ಓದದ ಬ್ಲಾಗಿನಿಂದ.

ಅಲ್ಲಿಂದಾಚೆಗೆ ಅದೇ ಕ್ರಮವಾಯಿತು. ಆರ್ಡರು ಬಂದರೆ ಕಾಯಿ ಇಳಿಸಿ, ಒಂದೊಂದನ್ನೂ ಅಲ್ಲಾಡಿಸಿ ನೋಡಿ, ಆ ಸದ್ದನ್ನು ವಾಯ್ಸ್ ಮೆಸೇಜಿನಲ್ಲಿ ಕಳಿಸಿ, ಆಮೇಲೆ ಒಡೆಸುತ್ತಿದ್ದೆ. ಸೀಳಿದವನ್ನು ಬೇರೆ ಕಟ್ಟಿ ಕಡಿಮೆಗೆ ಕೊಡುತ್ತಿದ್ದೆ. ಗೋಣಿ ಹೊಲಿದು ಗಂಡನ ಗಾಡಿಯ ಹಿಂದೆ ಕಟ್ಟಿದರೆ ಅವರು ತಿಪಟೂರಿಗೆ ಹೋಗಿ ಪಾರ್ಸೆಲ್ಲಿಗೆ ಹಾಕಿ ಬರುತ್ತಿದ್ದರು. ವಾರಕ್ಕೊಮ್ಮೆ ಬ್ಲಾಗಿನಲ್ಲಿ ಬರೆದೆ. ಮೋಡ ಇದೆ, ಒಡೆದ ದಿನವೇ ಕಳಿಸಿದ್ದೇನೆ, ಬಂದ ಕೂಡಲೇ ಗಾಳಿಗೆ ಹರಡಿ ಎಂಬಂಥ ಮಾತುಗಳು. ಅಂಥದ್ದನ್ನು ಓದುವವರು ಕಡಿಮೆ, ಆದರೆ ಓದಿದವರು ಕೊಳ್ಳುತ್ತಾರೆ. ಹುಬ್ಬಳ್ಳಿಯವರು ಬೆಳಗಾವಿಯ ತಂಗಿಗೆ ಹೇಳಿದರು, ತಂಗಿ ಇನ್ಯಾರಿಗೋ ಹೇಳಿದರು. ಸದ್ದು ಕೇಳಿ ಒಂದೊಂದು ಕಾಯಿ ಬೇಡವೆಂದವರೂ ಇದ್ದರು. “ಅದೊಂದ್ಯಾಕೋ ಡೌಟು, ಬೇರೆ ಹಾಕ್ರಿ” ಎನ್ನುತ್ತಿದ್ದರು. ಅವರ ಮೇಲೆ ನನಗೆ ಗೌರವ ಬಂತು. ಆ ವರ್ಷ ಗೌರವ ಬಂದದ್ದು ಅಪರೂಪಕ್ಕೆ.

ದೀಪಾವಳಿಯ ಹಿಂದಿನ ದಿನ ಎಳನೀರು ವ್ಯಾಪಾರಿ ಬಂದ. ಗಂಡನೇ ಬರಹೇಳಿದ್ದರಂತೆ. ಜಗಲಿಯಲ್ಲಿ ಕೂತು, “ಏನಣ್ಣ, ಮುಂದಿನ್ ತಿಂಗ್ಳಿಂದ ಲಾರಿ ಹಚ್ಲಾ?” ಎಂದ. ಅಟ್ಟದ ಒಂದು ಮೂಲೆಯಲ್ಲಿ ಕಾಯಿ ಇನ್ನೂ ಇತ್ತು. ಅಟ್ಟ ಖಾಲಿಯಾಗಬೇಕು ಎಂಬುದು ಮಾತು, ಖಾಲಿಯಾಗಿರಲಿಲ್ಲ.

ಗಂಡ ಏಣಿ ಹತ್ತಿದರು. ಅಲ್ಲಿದ್ದ ಗುಡ್ಡೆಯ ಮೇಲೆ ನಾನು ಸುಣ್ಣದಲ್ಲಿ ಹುಬ್ಬಳ್ಳಿ ಎಂದು ಬರೆದಿದ್ದೆ. ಅಂಟಿನುಂಡಿಯವರು ಹಬ್ಬ ಮುಗಿದ ಮೇಲೆ ಒಡೆಯಿರಿ ಎಂದಿದ್ದರು. ಗಂಡ ಇಳಿದು ಕೈ ಒರೆಸಿಕೊಂಡರು.

“ಇಲ್ಲ ಬುಡಪ್ಪ. ಇರೋದು ನಮ್ದಲ್ಲ, ಹುಬ್ಬಳ್ಳಿಯೋರ್ದು. ಅಟ್ಟ ಖಾಲಿ ಆಗೈತೆ, ತುಂಬುಸ್ಬೇಕು” ಎಂದರು ಅವನಿಗೆ. ನನ್ನ ಕಡೆ ನೋಡಲಿಲ್ಲ. ನಾನು ಒಳಗೆ ಹೋಗಿ ಇಬ್ಬರಿಗೂ ಕಾಫಿ ಮಾಡಿದೆ, ಸಕ್ಕರೆ ಹಾಕಿದೆನೋ ಇಲ್ಲವೋ ಈಗಲೂ ನೆನಪಿಲ್ಲ.

ಹಬ್ಬ ಕಳೆದು ಹೊಸ ಕಾಯಿ ಅಟ್ಟಕ್ಕೆ ಏರಿಸುವ ದಿನ ತಜ್ಞರ ಮೆಸೇಜು ಬಂತು. ನಮ್ಮ ಅಟ್ಟದ ಫೋಟೋವನ್ನು ತಮ್ಮ ಪೇಜಿನಲ್ಲಿ ಹಾಕಿ, ‘ನಮ್ಮ ಕ್ಲೈಂಟ್, ನಮ್ಮ ಸ್ಟ್ರಾಟಜಿ, ನಮ್ಮ ಸಕ್ಸಸ್’ ಎಂದು ಬರೆದುಕೊಂಡಿದ್ದರು. ಅದರ ಕೆಳಗೆ ನಾನೂ ಎರಡು ಮಾತಾಡಬೇಕಂತೆ. ‘ಮೇಡಂ, ನಮ್ಮ ಸರ್ವಿಸ್ ಬಗ್ಗೆ ನಿಮ್ಮ ಅಭಿಪ್ರಾಯ ಒಂದು ವಾಯ್ಸ್ ಮೆಸೇಜ್ ಕಳ್ಸಿ ಪ್ಲೀಸ್.’

ಕೆಳಗಿನಿಂದ ನಾನು ಕಾಯಿ ಎತ್ತಿಕೊಡುತ್ತಿದ್ದೆ, ಗಂಡ ಮೇಲೆ ಕೂತು ಜೋಡಿಸುತ್ತಿದ್ದರು. ಕೈಯಲ್ಲಿದ್ದ ಹೊಸ ಕಾಯಿಯನ್ನೇ ಫೋನಿನ ಹತ್ತಿರ ಹಿಡಿದು ಚೆನ್ನಾಗಿ ಅಲ್ಲಾಡಿಸಿದೆ. ಕುಲುಕುಲು ಎಂದಿತು. ಒಂದು ಮಾತೂ ಸೇರಿಸದೆ ಕಳಿಸಿದೆ.

ತಕ್ಷಣ ಉತ್ತರ ಬಂತು. ಗಂಡನಿಗೆ ಕೇಳುವಂತೆ ಗಟ್ಟಿಯಾಗಿ ಓದಿದೆ. “ಮೇಡಂ, ವಾಯ್ಸ್ ಕ್ಲಿಯರ್ ಇಲ್ಲ, ಬರೀ ನೀರಿನ ಸೌಂಡ್ ಬರ್ತಿದೆ. ಇನ್ನೊಂದ್ಸಲ ಕಳ್ಸಿ.”

ಗಂಡ ಕೈ ಚಾಚಿ ಆ ಕಾಯಿ ಈಸಿಕೊಂಡು ಕತ್ತಲಿಗೆ ಸೇರಿಸಿದರು.

“ಒಂದ್ ವರ್ಸ ಕಾಯಕ್ ಹೇಳು” ಎಂದರು. “ಒಣಗ್ಲಿ.”